ಮೆಟ್ಟಿಲು ಹತ್ತಿಸುವ ಕೈ

ಮಗಾ,

ಹೋದ ಆದಿತ್ಯವಾರ ನೀನು ಫೋನಿನಲ್ಲಿ ತಡವರಿಸುತ್ತ ಹೇಳಿದ ಸಂಗತಿ ಇಡೀ ವಾರ ನನ್ನ ಜತೆಗೇ ಓಡಾಡಿದೆ. ಮಳೆ ಬಂತೆಂದು ಡರ್ಹಮ್‌ನ ಆ ದೊಡ್ಡ ಕೆಥೆಡ್ರಲ್ ಹೊಕ್ಕೆಯಂತೆ. ಅವರು ಈವನ್‌ಸಾಂಗ್ ಎನ್ನುವ ಸಂಜೆಯ ಗಾನಪ್ರಾರ್ಥನೆ ಆಗಷ್ಟೇ ಶುರುವಾಗಿತ್ತಂತೆ. ಹಿಂದಿನ ಬೆಂಚಿನಲ್ಲಿ ಕೂತೆ. ಮಕ್ಕಳ ದನಿ ಒಂಬೈನೂರು ವರ್ಷ ಹಳೆಯ ಕಲ್ಲಿನ ಕಮಾನುಗಳಿಗೆ ಏರಿ ಇಳಿಯುತ್ತಿದ್ದಾಗ ನಿನ್ನ ಕಣ್ಣು ತುಂಬಿ ಬಂತು. ಹೊರಗೆ ಬಂದ ಮೇಲೆ ನಾಚಿಕೆಯಾಯಿತು. ಹದಿನೇಳನೆಯ ವಯಸ್ಸಿಗೇ ದೇವರಿಲ್ಲವೆಂದು ಸಾರಿದವನು ನೀನು. ಯಾರ ಮಾತು ಕೇಳಿ ಹಾಗೆ ಸಾರಿದೆಯೋ, ಅವರಲ್ಲೇ ಕೆಲವರು ಈಗ ಕ್ರೈಸ್ತಧರ್ಮದ ಬಗ್ಗೆ ಮೆತ್ತಗೆ ಮಾತಾಡುತ್ತಿದ್ದಾರೆ. ಇಷ್ಟೆಲ್ಲ ಹೇಳಿ ಕೊನೆಗೆ ಕೇಳಿದೆ: "ಅಜ್ಜ, ನಾನು ಸೋತೆನಾ?"

ಫೋನಿನಲ್ಲಿ ನಾನು ಉತ್ತರ ಕೊಡಲಿಲ್ಲ. ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಮೊದಲು, ಸೋತದ್ದು ಯಾರು, ಸೋತದ್ದು ಏನು ಎಂಬುದನ್ನು ಸರಿಯಾಗಿ ನೋಡೋಣ. ನೀನು ಹುಟ್ಟುವ ಹೊತ್ತಿಗೆ ಪಶ್ಚಿಮದಲ್ಲಿ ಒಂದು ಗಾಳಿ ಎದ್ದಿತ್ತು. 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಗೋಪುರಗಳು ಕುಸಿದವು. ದೇವರ ಹೆಸರಿನಲ್ಲಿ ಹೀಗೂ ಕೊಲ್ಲಬಹುದೇ ಎಂಬ ಸಿಟ್ಟು ಪುಸ್ತಕಗಳಾಗಿ ಹೊರಬಂತು. 2004ರಲ್ಲಿ ಸ್ಯಾಮ್ ಹ್ಯಾರಿಸ್, 2006ರಲ್ಲಿ ಡೇನಿಯಲ್ ಡೆನೆಟ್ ಮತ್ತು ರಿಚರ್ಡ್ ಡಾಕಿನ್ಸ್, 2007ರಲ್ಲಿ ಕ್ರಿಸ್ಟೋಫರ್ ಹಿಚೆನ್ಸ್ ಬರೆದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ನಾಲ್ವರೂ ವಾಷಿಂಗ್ಟನ್‌ನ ಒಂದು ಮನೆಯಲ್ಲಿ ಮೇಜಿನ ಸುತ್ತ ಕೂತು ಎರಡು ತಾಸು ಮಾತಾಡಿದರು. ನೀನು ಮತ್ತೆ ಮತ್ತೆ ನೋಡಿದ ವಿಡಿಯೋ ಅದೇ. 2009ರ ಜನವರಿಯಲ್ಲಿ ಲಂಡನ್ನಿನ ಕೆಂಪು ಬಸ್ಸುಗಳ ಮೇಲೆಯೇ ದೇವರು ಪ್ರಾಯಶಃ ಇಲ್ಲ ಎಂಬ ಜಾಹೀರಾತು ಓಡಾಡಿತು.

ಆ ಚಳವಳಿಯನ್ನು ನಾನು ಹಳಿಯುವುದಿಲ್ಲ, ನೀನೂ ಹಳಿಯಬೇಡ. ಊರಿಗೆ ಹೆದರಿ, ಮನೆಗೆ ಹೆದರಿ ಸಂಶಯವನ್ನು ನುಂಗಿಕೊಂಡು ಬದುಕುತ್ತಿದ್ದ ಎಷ್ಟೋ ಜನರಿಗೆ ಅದು ದನಿ ಕೊಟ್ಟಿತು. ಗುರುವಿನ ಪೀಠವಾದರೂ ಸರಿ, ಪೋಪ್‌ನ ಪೀಠವಾದರೂ ಸರಿ, ಪುರಾವೆ ಕೇಳಬಹುದು ಎಂದು ಕಲಿಸಿತು. ಆದರೆ ಸಿಟ್ಟಿನಿಂದ ಎದ್ದದ್ದು ಸಿಟ್ಟು ಆರಿದ ಮೇಲೆ ಏನು ಮಾಡಬೇಕು? ಸಾವಿನ ಮನೆಯಲ್ಲಿ ಏನು ಹೇಳಬೇಕು, ಮಗು ಹುಟ್ಟಿದ ಮನೆಯಲ್ಲಿ ಏನು ಹಾಡಬೇಕು, ಒಬ್ಬಂಟಿ ಮುದುಕಿಯ ಬಾಗಿಲು ವಾರಕ್ಕೊಮ್ಮೆ ಯಾರು ತಟ್ಟಬೇಕು? ಇಂಥವಕ್ಕೆ ಆ ಪುಸ್ತಕಗಳಲ್ಲಿ ಜಾಗವಿರಲಿಲ್ಲ. ಹಿಚೆನ್ಸ್ 2011ರಲ್ಲಿ ತೀರಿಕೊಂಡರು. ಉಳಿದವರು ಮತ್ತು ಅವರ ಹಿಂಬಾಲಕರು ಬೇರೆ ಬೇರೆ ರಾಜಕೀಯದ ದಾರಿ ಹಿಡಿದು ಚದುರಿದರು.

ಒಂದು ಲೆಕ್ಕ ಮಾತ್ರ ನೆನಪಿರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಬರೆಸಿದವರು 2011ರಲ್ಲಿ ಶೇ. 59.3 ಇದ್ದರು, 2021ರಲ್ಲಿ ಶೇ. 46.2ಕ್ಕೆ ಇಳಿದರು. ಯಾವ ಧರ್ಮವೂ ಇಲ್ಲವೆಂದವರು ಶೇ. 25.2ರಿಂದ 37.2ಕ್ಕೆ ಏರಿದರು. ಫ್ರಾನ್ಸಿನಲ್ಲಿ 2025ರ ಈಸ್ಟರ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರು ದೀಕ್ಷಾಸ್ನಾನ ಪಡೆದರೆಂಬುದೂ ನಿಜ. ಆದರೆ ಕೋಟಿಗಟ್ಟಲೆ ಜನರ ದೇಶದಲ್ಲಿ ಅದು ಸಣ್ಣ ತೊರೆ. ಆದ್ದರಿಂದ ನಂಬದವರ ಸಂಖ್ಯೆ ಕುಗ್ಗಿತೆಂದು ತಿಳಿಯಬೇಡ. ಕುಗ್ಗಿದ್ದು ಒಂದು ಬಗೆಯ ಖಚಿತತೆ: ದೇವರನ್ನು ಬದಿಗಿಟ್ಟರೆ ಸಾಕು, ವಿವೇಕ, ಕರುಣೆ, ನೆಮ್ಮದಿ ತಾವಾಗಿ ಬಂದು ಕೂರುತ್ತವೆ ಎಂಬ ಭರವಸೆ.

ಜನ ನಂಬಿಕೆಯ ಒಳಗೂ ಹೊರಗೂ ಹೀಗೆ ನಡೆಯುವುದು ಹೊಸದಲ್ಲ. 1927ರ ಮಾರ್ಚ್‌ನಲ್ಲಿ ತತ್ತ್ವಜ್ಞಾನಿ ಬರ್ಟ್ರೆಂಡ್ ರಸೆಲ್ ಲಂಡನ್ನಿನ ಬ್ಯಾಟರ್ಸಿಯಲ್ಲಿ ತಾನೇಕೆ ಕ್ರೈಸ್ತನಲ್ಲ ಎಂದು ಭಾಷಣ ಮಾಡಿದ. ಅದೇ ವರ್ಷ ಜೂನ್‌ನಲ್ಲಿ ಕವಿ ಟಿ. ಎಸ್. ಎಲಿಯಟ್ ಒಂದು ಹಳ್ಳಿಯ ಚರ್ಚಿನಲ್ಲಿ ಸದ್ದಿಲ್ಲದೆ ದೀಕ್ಷಾಸ್ನಾನ ಪಡೆದ. ಒಂದೇ ದೇಶ, ಒಂದೇ ವರ್ಷ, ಇಬ್ಬರೂ ಮಹಾ ಬುದ್ಧಿವಂತರು. ಒಬ್ಬ ಹೊರಗೆ ನಿಂತ, ಇನ್ನೊಬ್ಬ ಒಳಗೆ ಹೋದ. ಬುದ್ಧಿವಂತರು ಯಾವ ಕಡೆ ನಡೆದರು ಎಂದು ನೋಡಿ ನೀನು ನಡೆಯುವುದಾದರೆ ಜೀವಮಾನವಿಡೀ ಅತ್ತಿಂದಿತ್ತ ಓಡಾಡುತ್ತಲೇ ಇರಬೇಕಾದೀತು. ಅವರ ಕಾರಣಗಳನ್ನು ಕೇಳು, ತೂಗು. ಅಷ್ಟು ಸಾಕು.

ಈಗ ಮೆತ್ತಗೆ ಮಾತಾಡುತ್ತಿರುವವರ ಕಾರಣಗಳನ್ನೇ ನೋಡೋಣ, ಬಾ.

ಮೊದಲನೆಯವನು ಇತಿಹಾಸಕಾರ ಟಾಮ್ ಹಾಲಂಡ್. ಹುಡುಗನಾಗಿದ್ದಾಗ ಸ್ಪಾರ್ಟದ ಯೋಧರನ್ನೂ ರೋಮಿನ ಸೀಸರನನ್ನೂ ಆರಾಧಿಸಿದವನು. ಬೈಬಲ್ ಅವನಿಗೆ ಸಪ್ಪೆಯೆನಿಸಿತ್ತು. ದೊಡ್ಡವನಾಗಿ ಆ ವೀರರ ಬಗ್ಗೆಯೇ ಪುಸ್ತಕ ಬರೆಯುತ್ತ ಹೋದಂತೆ ಅವರು ಅವನಿಗೆ ಹೆಚ್ಚು ಹೆಚ್ಚು ಪರಕೀಯರಾದರು. ಬಲಹೀನವಾಗಿ ಹುಟ್ಟಿದ ಕೂಸನ್ನು ಬೆಟ್ಟದಲ್ಲಿ ಬಿಟ್ಟುಬರುವುದು ಅವರಿಗೆ ತಪ್ಪಾಗಿ ಕಂಡಿರಲಿಲ್ಲ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಮುರಿದಾಗ ಕಾಪುವದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಆರು ಸಾವಿರ ಗುಲಾಮರನ್ನು ಶಿಲುಬೆಗೇರಿಸಿದರು. ಶಿಲುಬೆ ಗುಲಾಮನಿಗೆ ತಕ್ಕದ್ದೆಂದು ಎಣಿಸಿದ ಅವಮಾನದ ಸಾವು. ಅಂಥ ಸಾವನ್ನು ಸತ್ತವನೇ ದೇವರು ಎಂದು ಒಂದು ಗುಂಪು ಹೇಳತೊಡಗಿದಾಗ ಪ್ರಪಂಚದ ತಕ್ಕಡಿಯೇ ಮಗುಚಿಕೊಂಡಿತು, ಸೋತವನಿಗೂ ಬೆಲೆ ಬಂತು ಎಂಬುದು ಹಾಲಂಡನ ವಾದ. 2019ರ 'ಡೊಮಿನಿಯನ್' ಪುಸ್ತಕದ ತಿರುಳು ಇದು. ಚರ್ಚನ್ನು ಬೈಯುವವನೂ ಬಡವರ ಪರ, ದುರ್ಬಲರ ಪರ ನಿಂತು ಬೈಯುತ್ತಾನಲ್ಲ, ಆ ನಿಲುವು ಶಿಲುಬೆಯ ಬುಡದಿಂದಲೇ ಬಂದದ್ದು ಎನ್ನುತ್ತಾನೆ.

ನೀನು ಕೂತಿದ್ದ ಈವನ್‌ಸಾಂಗ್‌ನಲ್ಲಿ ತಪ್ಪದೆ ಹಾಡುವ ಒಂದು ಹಾಡಿದೆ. ಯೇಸುವಿನ ತಾಯಿ, ಗರ್ಭಿಣಿ ಮರಿಯಳ ಬಾಯಿಂದ ಬಂದದ್ದು. ಗದ್ದುಗೆಯ ಮೇಲಿದ್ದವರು ಇಳಿಯುತ್ತಾರೆ, ನೆಲದಲ್ಲಿದ್ದವರು ಏರುತ್ತಾರೆ, ಹಸಿದವರ ಹೊಟ್ಟೆ ತುಂಬುತ್ತದೆ ಎಂಬುದು ಅದರ ಭಾವ. ಹಳ್ಳಿಯ ಬಡ ಹುಡುಗಿಯ ಈ ಮಾತನ್ನು ರಾಜರು ಕಟ್ಟಿಸಿದ ಸೂರುಗಳ ಕೆಳಗೂ ಸಂಜೆ ಸಂಜೆ ಹಾಡುತ್ತ ಬಂದಿದ್ದಾರೆ. ನಿನ್ನ ಕಣ್ಣು ತುಂಬಿದ್ದು ಬರೀ ರಾಗಕ್ಕೆ ಎಂದು ನೀನು ಹೇಳಿದೆ. ಇರಬಹುದು. ಆ ಮಾತಿಗೂ ಇರಬಹುದು.

ಹಾಲಂಡನಿಂದ ಕಲಿಯಬೇಕಾದದ್ದು ಇದು: ನಿನ್ನಲ್ಲಿರುವ ಒಳ್ಳೆಯದು ಎಲ್ಲಿಂದ ಬಂತೆಂದು ಹುಡುಕು. ನಾನೇ ಯೋಚಿಸಿ ಮಾಡಿಕೊಂಡೆ ಎಂದುಕೊಳ್ಳಬೇಡ. ಆದರೆ ಪಶ್ಚಿಮದ ಕತೆಯನ್ನೇ ಇಡೀ ಲೋಕದ ಕತೆ ಎಂದುಕೊಳ್ಳಲೂ ಬೇಡ. ಕಳಿಂಗದಲ್ಲಿ ಸತ್ತವರಿಗಾಗಿ ಅಶೋಕ ಪಟ್ಟ ಸಂಕಟವನ್ನು ಬಂಡೆಯ ಮೇಲೆ ಕೊರೆಸಿದ್ದು ಕ್ರಿಸ್ತ ಹುಟ್ಟುವುದಕ್ಕೆ ಸುಮಾರು ಇನ್ನೂರೈವತ್ತು ವರ್ಷ ಮೊದಲು. ಹನ್ನೆರಡನೆಯ ಶತಮಾನದ ನಮ್ಮ ಶರಣರ ದಾಸೋಹ ರೋಮಿನಿಂದ ಬಂದದ್ದಲ್ಲ. ಕರುಣೆಗೆ ಬೇರುಗಳು ಹಲವು. ನೀನು ಒಂದಕ್ಕಿಂತ ಹೆಚ್ಚು ಬೇರಿನ ನೀರು ಕುಡಿದು ಬೆಳೆದವನು.

ಎರಡನೆಯವರು ಅಯಾನ್ ಹಿರ್ಸಿ ಅಲಿ. ಸೊಮಾಲಿಯಾದ ಮೊಗದಿಶುವಿನಲ್ಲಿ ಹುಟ್ಟಿ, ನೆದರ್ಲೆಂಡ್ಸ್‌ನಲ್ಲಿ ಆಶ್ರಯ ಪಡೆದು, ಅಲ್ಲಿಯ ಸಂಸತ್ತಿಗೆ ಆರಿಸಿಬಂದ ಹೆಣ್ಣುಮಗಳು. ಇಸ್ಲಾಂ ಬಿಟ್ಟು ನಾಸ್ತಿಕಳಾದೆನೆಂದು ಬಹಿರಂಗವಾಗಿ ಹೇಳಿದರು. 2004ರ ನವೆಂಬರ್ 2ರಂದು ಅವರ ಜತೆ ಸಿನಿಮಾ ಮಾಡಿದ ಥಿಯೋ ವಾನ್ ಗೋಗ್‌ನನ್ನು ಆಮ್‌ಸ್ಟರ್‌ಡ್ಯಾಮಿನ ಬೀದಿಯಲ್ಲಿ ಕೊಂದು, ಅಯಾನ್‌ಗೆ ಬರೆದ ಬೆದರಿಕೆಯ ಪತ್ರವನ್ನು ಹೆಣಕ್ಕೆ ಚೂರಿಯಿಂದ ಚುಚ್ಚಿಟ್ಟರು. ಅಂಥ ಬದುಕು ಬದುಕಿದವರು 2023ರ ನವೆಂಬರ್‌ನಲ್ಲಿ, ರಸೆಲ್‌ನ ಭಾಷಣದ ಹೆಸರನ್ನೇ ತಿರುಗಿಸಿ, ತಾನೀಗ ಏಕೆ ಕ್ರೈಸ್ತಳು ಎಂದು ಲೇಖನ ಬರೆದರು. ಅದರಲ್ಲಿ ಹೆಚ್ಚಿನ ಜಾಗ ಪಶ್ಚಿಮದ ನಾಗರಿಕತೆಗೆ ಎದುರಾಗಿರುವ ಶತ್ರುಗಳಿಗೆ ಸಿಕ್ಕಿತ್ತು. ಕ್ರಿಸ್ತನಿಗೆ ಸಿಕ್ಕಿದ್ದು ಸ್ವಲ್ಪವೇ. ಇದು ನಂಬಿಕೆಯಲ್ಲ, ಕೋಟೆ ಕಟ್ಟುವ ಕೆಲಸ ಎಂದು ಎಷ್ಟೋ ಜನ ಟೀಕಿಸಿದರು. ಓದಿದಾಗ ನನಗೂ ಹಾಗೇ ಅನಿಸಿತ್ತು.

ಮರುವರ್ಷ ನ್ಯೂಯಾರ್ಕಿನ ವೇದಿಕೆಯೊಂದರಲ್ಲಿ ಅವರು ಹಳೆಯ ಗೆಳೆಯ ಡಾಕಿನ್ಸ್‌ರ ಎದುರು ಕೂತು ಬೇರೆ ಕತೆ ಹೇಳಿದರು. ಖಿನ್ನತೆ, ಬದುಕೇ ಬೇಡವೆನಿಸಿದ ದಿನಗಳು, ಯಾವ ಮದ್ದೂ ತಾಗದೆ ಕೊನೆಗೆ ಪ್ರಾರ್ಥನೆಗೆ ಕೂತದ್ದು. ನೀನು ನಿಜಕ್ಕೂ ಕ್ರೈಸ್ತಳಲ್ಲ ಎಂದು ವಾದಿಸಲು ಸಿದ್ಧರಾಗಿ ಬಂದಿದ್ದ ಡಾಕಿನ್ಸ್ ಅದನ್ನು ಕೇಳಿ, ನೀನು ಕ್ರೈಸ್ತಳೇ ಎಂದು ಒಪ್ಪಿಕೊಂಡರು. ಆ ನಂಬಿಕೆಯನ್ನು ಮಾತ್ರ ಒಪ್ಪಲಿಲ್ಲ. ಅವರಿಬ್ಬರೂ ಆ ದಿನ ನನ್ನ ಕಣ್ಣಿಗೆ ದೊಡ್ಡವರಾಗಿ ಕಂಡರು. ಇನ್ನೊಬ್ಬರ ಮನಸ್ಸಿನೊಳಗೆ ಏನು ನಡೆಯಿತೆಂದು ಅವರ ಒಂದು ಲೇಖನದಿಂದ ತೀರ್ಪು ಕೊಡಬಾರದು, ಮಗಾ. ನಾನು ಕೊಟ್ಟಿದ್ದೆ. ತಪ್ಪಾಯಿತು.

ಆದರೆ ನಿನ್ನ ಮನಸ್ಸಿನ ವಿಷಯದಲ್ಲಿ ಮಾತ್ರ ನೀನು ಕಠಿಣವಾಗಿರು. ಬಾವಿಗೆ ಹೋಗುವುದು ಬಾಯಾರಿದ್ದಕ್ಕೋ, ಬಾವಿ ನಮ್ಮದು, ನೀವು ಮುಟ್ಟಬೇಡಿ ಎಂದು ಬೇಲಿ ಹಾಕುವುದಕ್ಕೋ? ಶಿಲುಬೆಯನ್ನು ಬಾವುಟದ ಹಾಗೆ ಹಿಡಿದು ಬೀದಿಗಿಳಿಯುವವರು ಅಲ್ಲೂ ಇದ್ದಾರೆ. ಅವರ ಬಾಯಲ್ಲಿ ಕ್ರೈಸ್ತ ಎಂಬ ಮಾತಿಗೆ ಹೊರಗಿನವನಲ್ಲ ಎಂಬುದಷ್ಟೇ ಅರ್ಥ. ಅವರ ಲೆಕ್ಕದಲ್ಲಿ ನೀನೂ ಹೊರಗಿನವನೇ. ನೀನು ದೀಕ್ಷಾಸ್ನಾನ ಪಡೆದು ನಿಂತರೂ ನಿನ್ನ ಮೈಬಣ್ಣ ನೋಡಿ ಮಾತಾಡುವವರು ಅವರು. ನಮ್ಮ ಊರಿನಲ್ಲೂ ಧರ್ಮವನ್ನು ಹೀಗೆ ಬಾವುಟ ಮಾಡುವವರಿದ್ದಾರೆ, ನಿನಗೆ ಗೊತ್ತು. ಇಲ್ಲಿ ಅದನ್ನು ಕಂಡು ಹೇಸಿದವನು ಅಲ್ಲಿ ಅದಕ್ಕೆ ಮರುಳಾಗಬೇಡ.

ಮೂರನೆಯವರು ಡಾಕಿನ್ಸ್. 2024ರ ಈಸ್ಟರ್ ಹೊತ್ತಿಗೆ ರೇಡಿಯೋ ಸಂದರ್ಶನದಲ್ಲಿ ತಾನು 'ಸಾಂಸ್ಕೃತಿಕ ಕ್ರೈಸ್ತ' ಎಂದರು. ನಿನಗೆ ಆಘಾತವಾಯಿತು. ಆದರೆ ಅವರು ಅದನ್ನು 2007ರಲ್ಲೂ ಹೇಳಿದ್ದರು. ಕ್ರಿಸ್ಮಸ್ ಹಾಡು ಇಷ್ಟ, ಕೆಥೆಡ್ರಲ್‌ಗಳು ಇಷ್ಟ, ನಂಬಿಕೆಯ ಒಂದು ಮಾತೂ ನಿಜವಲ್ಲ ಎಂಬುದು ಅವರ ನಿಲುವು. ಪ್ರಾಮಾಣಿಕವಾದ ನಿಲುವೇ. ಆದರೆ ಮರದ ನೆರಳಿನಲ್ಲಿ ಕೂತವನಿಗೆ ಒಂದು ಪ್ರಶ್ನೆ ಕಾಡಬೇಕು. ಡರ್ಹಮ್‌ನ ಗೋಡೆಗೆ 1093ರಲ್ಲಿ ಕಲ್ಲಿಟ್ಟವರು ಸಂಸ್ಕೃತಿಗಾಗಿ ಇಟ್ಟದ್ದಲ್ಲ, ನಂಬಿ ಇಟ್ಟದ್ದು. ಅಲ್ಲಿ ಇಂದಿಗೂ ಸಂಜೆ ಹಾಡುವವರಲ್ಲಿ, ದೀಪ ಹಚ್ಚುವವರಲ್ಲಿ, ನೆಲ ಗುಡಿಸುವವರಲ್ಲಿ ನಂಬುವವರಿದ್ದಾರೆ. ಎಲ್ಲರೂ ನೆರಳಿಗೆ ಮಾತ್ರ ಬಂದರೆ ಮರಕ್ಕೆ ನೀರೆರೆಯುವವರು ಯಾರು?

ಜರ್ಮನ್ ತತ್ತ್ವಜ್ಞಾನಿ ನೀಚೆ ಇದನ್ನು 1888ರಲ್ಲೇ ಒರಟಾಗಿ ಕೇಳಿದ್ದ. ಕ್ರೈಸ್ತರ ದೇವರನ್ನು ಬಿಟ್ಟವರು ಕ್ರೈಸ್ತ ನೀತಿಯನ್ನು ಮಾತ್ರ ಇಟ್ಟುಕೊಳ್ಳಲು ಹಕ್ಕಿಲ್ಲ, ಅದು ಒಂದೇ ಕಟ್ಟಡ, ಒಂದು ಕಂಬ ತೆಗೆದರೆ ಎಲ್ಲ ಕುಸಿಯುತ್ತದೆ ಎಂದಿದ್ದ. ಇದಕ್ಕೆ ಎದುರಾದ ದಾರಿ ಹಿಡಿದವರೂ ಇದ್ದರು. 1820ರಲ್ಲಿ ನಮ್ಮ ರಾಜಾ ರಾಮಮೋಹನ ರಾಯರು ಪವಾಡಗಳನ್ನು ಬಿಟ್ಟು ಯೇಸುವಿನ ಬೋಧನೆಗಳನ್ನಷ್ಟೇ ಆಯ್ದು ಪುಸ್ತಕ ಮಾಡಿದರು. ಸೆರಾಂಪುರದ ಮಿಷನರಿಗಳು ಅದನ್ನು ಒಪ್ಪದೆ ಜಗಳಕ್ಕೆ ನಿಂತರು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಮುದುಕ ಥಾಮಸ್ ಜೆಫರ್ಸನ್ ಸುವಾರ್ತೆಗಳನ್ನು ಕತ್ತರಿಸಿ, ಪವಾಡ ಬಿಟ್ಟು, ಉಳಿದದ್ದನ್ನು ಅಂಟಿಸಿ ತನಗಾಗಿ ಒಂದು ಪುಸ್ತಕ ಮಾಡಿಕೊಂಡಿದ್ದ. ಬೇರಿಲ್ಲದೆ ಹಣ್ಣು ಸಿಗುತ್ತದೆಯೇ ಎಂಬ ಪ್ರಶ್ನೆಗೆ ಇನ್ನೂರು ವರ್ಷವಾಗಿದೆ.

ಇದಕ್ಕೆ ನನ್ನ ಉತ್ತರ ಪುಸ್ತಕದಿಂದ ಬಂದದ್ದಲ್ಲ. ನಿನಗೆ ಈವರೆಗೆ ಹೇಳದ ಒಂದು ಸಂಗತಿ ಇದೆ. ಹೇಳುತ್ತೇನೆ.

1976ರಲ್ಲಿ ನನಗೆ ಇಪ್ಪತ್ತೇಳು. ಹೊಸದಾಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಆ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ್ದರು. ಮಂಗಳೂರಿನ ನಮಗೆಲ್ಲ ಅದು ಹಬ್ಬದ ಸುದ್ದಿ. ನಾನೂ ಊರೂರಿಗೆ ಹೋಗಿ ಭಾಷಣ ಮಾಡುತ್ತಿದ್ದೆ. ಮುಂದಿನ ಶಿವರಾತ್ರಿಗೆ ಅಮ್ಮ ಕಾರಿಂಜದ ದೇವಸ್ಥಾನಕ್ಕೆ ಹೋಗಬೇಕೆಂದಳು. ನೀನು ನೋಡಿದ್ದೀಯಲ್ಲ, ಬೆಟ್ಟದ ತುದಿಯವರೆಗೆ ನೂರಾರು ಮೆಟ್ಟಿಲು. ಅವಳಿಗೆ ಮೊಣಕಾಲು ನೋವು. ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬುಡದಲ್ಲಿ ನಿಂತು, ನಾನು ಮೇಲೆ ಬರುವುದಿಲ್ಲ, ನನಗೆ ನಂಬಿಕೆಯಿಲ್ಲ ಎಂದೆ. ಅಮ್ಮ ನನ್ನ ಮುಖ ನೋಡಿ, "ನಿನಗೆ ದೇವರು ಬೇಡ, ಆಯ್ತು. ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಲಿಕ್ಕೂ ದೇವರು ಬೇಕಾ ಮಗಾ?" ಎಂದಳು.

ನಾನು ಹೋಗಲಿಲ್ಲ. ಹೋದರೆ ತತ್ತ್ವ ಬಿಟ್ಟಂತೆ ಎಂದುಕೊಂಡೆ. ಮರದ ಕೆಳಗೆ ಪೇಪರ್ ಓದುತ್ತ ಕೂತೆ. ಗುರುತಿಲ್ಲದ ಒಬ್ಬ ಹುಡುಗ ಅವಳ ಕೈ ಹಿಡಿದು ಹತ್ತಿಸಿದ, ಅವನೇ ಇಳಿಸಿಕೊಂಡು ಬಂದ. ಅಮ್ಮ ನನಗೆ ಪ್ರಸಾದ ಕೊಡಲಿಲ್ಲ, ಬೈಯಲೂ ಇಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತ ಕೂತಳು.

ಅವಳ ಪ್ರಶ್ನೆಯಲ್ಲಿ ನೀಚೆಗೆ ಉತ್ತರವಿದೆ. ದೇವರನ್ನು ಬಿಟ್ಟವನೂ ಕೈ ಹಿಡಿಯಬಲ್ಲ. ಆದರೆ ಹಿಡಿಯಬೇಕಲ್ಲ! ನಂಬುವವನಿಗೆ ಅದನ್ನು ನೆನಪಿಸಲು ವಾರಕ್ಕೊಂದು ದಿನ, ವರ್ಷಕ್ಕೊಂದು ಹಬ್ಬ, ದಿನಕ್ಕೊಂದು ಪ್ರಾರ್ಥನೆ ಇರುತ್ತದೆ. ನನಗೆ ಯಾವುದೂ ಇರಲಿಲ್ಲ. ನನ್ನ ವಿಚಾರವಾದ ನನಗೆ ಪ್ರಶ್ನೆ ಕೇಳುವುದನ್ನು ಕಲಿಸಿತ್ತು, ನನ್ನನ್ನೇ ಕೇಳುವುದನ್ನು ಇನ್ನೂ ಕಲಿಸಿರಲಿಲ್ಲ. ಅದು ವಿಚಾರವಾದದ ತಪ್ಪಲ್ಲ. ನರಸಿಂಹಯ್ಯನವರು ಹಾಸ್ಟೆಲಿನ ಕೋಣೆಯಲ್ಲಿ ಖಾದಿ ಉಟ್ಟು, ಮಕ್ಕಳ ಓದಿಗಾಗಿ ಬದುಕು ಸವೆಸಿದವರು. ತಪ್ಪು ನನ್ನದು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಬಾಯಮ್ಮ ಇದ್ದರು. ಸೆಪ್ಟೆಂಬರ್ ಎಂಟರ ಮೊಂತಿ ಹಬ್ಬಕ್ಕೆ ಇಗರ್ಜಿಯಿಂದ ಹೊಸ ತೆನೆ ತಂದು, ಅಂದಿನ ಸಸ್ಯಾಹಾರದ ಊಟದಲ್ಲಿ ನಮ್ಮ ಮನೆಗೂ ಒಂದು ಪಾಲು ಕಳಿಸುತ್ತಿದ್ದರು. ಅಮ್ಮ ಕೊನೆಯ ಎಂಟು ತಿಂಗಳು ಹಾಸಿಗೆ ಹಿಡಿದಾಗ, ಸಂಜೆಯ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಮುಗಿಸಿ ಬಂದು ಅವಳ ಕಾಲಿಗೆ ಎಣ್ಣೆ ತಿಕ್ಕಿ ಹೋಗುತ್ತಿದ್ದರು. ಅಮ್ಮನ ಎದುರು ತಮ್ಮ ದೇವರ ಹೆಸರೆತ್ತಲಿಲ್ಲ. ಅಮ್ಮನ ದೇವರ ಬಗ್ಗೆ ಕೊಂಕು ನುಡಿಯಲಿಲ್ಲ. ಕ್ರೈಸ್ತ ನಾಗರಿಕತೆ ಎಂಬ ಮಾತನ್ನು ಅವರು ಜನ್ಮದಲ್ಲಿ ಕೇಳಿರಲಾರರು. ಇವತ್ತು ಆ ನಾಗರಿಕತೆಯ ಬಗ್ಗೆ ದೊಡ್ಡ ದೊಡ್ಡ ಸಭೆಗಳಾಗುವಾಗೆಲ್ಲ ನನಗೆ ಅವರ ಎಣ್ಣೆ ಹಚ್ಚಿದ ಅಂಗೈ ನೆನಪಾಗುತ್ತದೆ. ಬೇರಿಗೆ ನೀರೆರೆಯುವುದೆಂದರೆ ಅದು.

ಇನ್ನು ನನಗೆ ಎಲ್ಲರಿಗಿಂತ ಹತ್ತಿರವೆನಿಸಿದ ಮನುಷ್ಯನ ವಿಷಯ. ಜರ್ಮನಿಯ ತತ್ತ್ವಜ್ಞಾನಿ ಯೂರ್ಗನ್ ಹಾಬರ್ಮಾಸ್. ಮತಾಂತರವಾಗಲಿಲ್ಲ, ಸಾಂಸ್ಕೃತಿಕ ಕ್ರೈಸ್ತನೆಂದೂ ಹೇಳಿಕೊಳ್ಳಲಿಲ್ಲ. ಮ್ಯಾಕ್ಸ್ ವೇಬರ್‌ನ ಮಾತನ್ನು ಎರವಲು ಪಡೆದು, ಧರ್ಮದ ಸಂಗೀತಕ್ಕೆ ತನಗೆ ಕಿವಿಯಿಲ್ಲ ಎಂದವನು. ಆದರೂ 2004ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಕಾರ್ಡಿನಲ್ ರಾಟ್ಸಿಂಗರ್ ಎದುರು ಕೂತು ಕೇಳಿಸಿಕೊಂಡ. ಮರುವರ್ಷ ಪೋಪ್ ಆದವರು ಅವರೇ. ಧರ್ಮಕ್ಕೂ ರೋಗ ಹಿಡಿಯುತ್ತದೆ, ವಿಚಾರಕ್ಕೂ ರೋಗ ಹಿಡಿಯುತ್ತದೆ, ಒಂದನ್ನೊಂದು ಗಮನಿಸಿ ತಿದ್ದಬೇಕು ಎಂದು ಕಾರ್ಡಿನಲ್ ಹೇಳಿದರು. ಧರ್ಮದ ಭಾಷೆಯಲ್ಲಿರುವ ಅರ್ಥವನ್ನು ಎಲ್ಲರ ಭಾಷೆಗೆ ತರುವ ಕೆಲಸ ನಂಬುವವರದು ಮಾತ್ರವಲ್ಲ, ನಂಬದವರದೂ ಹೌದು ಎಂದು ಹಾಬರ್ಮಾಸ್ ಹೇಳುತ್ತ ಬಂದಿದ್ದ.

ಅವನು ನೆನೆದ ಒಂದು ಘಟನೆಯಿದೆ. 1991ರ ಏಪ್ರಿಲ್‌ನಲ್ಲಿ ಸ್ವಿಸ್ ಲೇಖಕ ಮ್ಯಾಕ್ಸ್ ಫ್ರಿಶ್ ತೀರಿಕೊಂಡ. ಯಾವ ನಂಬಿಕೆಯನ್ನೂ ಒಪ್ಪದವನು. ಆದರೆ ತನ್ನ ವಿದಾಯದ ಸಭೆ ಜ್ಯೂರಿಚ್‌ನ ಸಂತ ಪೀಟರ್ ಚರ್ಚಿನಲ್ಲಿ ಆಗಬೇಕೆಂದು ಅವನೇ ಹೇಳಿಟ್ಟಿದ್ದ. ಪಾದ್ರಿ ಇರಲಿಲ್ಲ, ಆಶೀರ್ವಾದ ಇರಲಿಲ್ಲ, ಆಮೆನ್ ಇರಲಿಲ್ಲ. ಸೇರಿದವರಲ್ಲಿ ಹೆಚ್ಚಿನವರು ಚರ್ಚಿಗೆ ಕಾಲಿಡದ ಬುದ್ಧಿಜೀವಿಗಳು. ಆದರೂ ಅಲ್ಲೇ ಸೇರಿದರು, ಯಾಕೆಂದರೆ ಸಾವಿಗೆ ತಕ್ಕ ಒಂದು ಜಾಗವನ್ನು, ಒಂದು ಕ್ರಮವನ್ನು ಹೊಸ ಕಾಲ ಕಟ್ಟಿಕೊಂಡಿರಲಿಲ್ಲ. ಏನೋ ಇಲ್ಲವಾಗಿದೆ ಎಂಬ ಅರಿವು ಅಲ್ಲಿ ಎದ್ದು ಕಂಡಿತು ಎಂಬುದು ಹಾಬರ್ಮಾಸ್‌ನ ಮಾತಿನ ಸಾರ. ಡರ್ಹಮ್‌ನ ಹಿಂದಿನ ಬೆಂಚಿನಲ್ಲಿ ನಿನಗಾದದ್ದು ಇಂಥದ್ದೇ ಇರಬಹುದು. ನಿನ್ನ ಕಣ್ಣೀರು ದೇವರಿದ್ದಾನೆಂಬುದಕ್ಕೆ ಪುರಾವೆಯಲ್ಲ. ನಿನ್ನ ಬುದ್ಧಿ ಸೋತಿತೆಂಬುದಕ್ಕೂ ಪುರಾವೆಯಲ್ಲ. ಒಳಗೆ ಒಂದು ಜಾಗ ಖಾಲಿಯಿದೆ ಎಂದು ಅದು ಹೇಳಿತು, ಅಷ್ಟೇ. ಅದನ್ನು ಏನಿಂದ ತುಂಬಬೇಕೆಂದು ಹೇಳಲಿಲ್ಲ.

ಆದ್ದರಿಂದ ನನ್ನ ಮುಖ್ಯವಾದ ಮಾತು ಇದು. ಮೂರು ಪ್ರಶ್ನೆಗಳನ್ನು ಒಂದರೊಳಗೊಂದು ಕಲಸಬೇಡ. ಇದು ನಿಜವೇ? ಇದರಿಂದ ಉಪಯೋಗವಿದೆಯೇ? ಇದು ನಮ್ಮವರದೇ? ಈಗಿನ ಮಾತುಕತೆಯಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಉತ್ತರ ಕೊಟ್ಟು, ಮೊದಲನೆಯದಕ್ಕೆ ಕೊಟ್ಟೆವೆಂದು ತಿಳಿಯುವವರು ಬಹಳ. ಸಮಾಜ ಗಟ್ಟಿಯಾಗಿ ನಿಲ್ಲಲು ಕ್ರಿಸ್ತ ಬೇಕು ಎನ್ನುವವನು ಕ್ರಿಸ್ತನನ್ನು ಗೋಡೆಗೆ ಕೊಟ್ಟ ಊರೆಗೋಲು ಮಾಡಿದಂತೆ. ಸಂತ ಪೌಲನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಕ್ರಿಸ್ತ ಎದ್ದುಬಂದದ್ದು ನಿಜವಲ್ಲದಿದ್ದರೆ ತಮ್ಮ ನಂಬಿಕೆಯೆಲ್ಲ ವ್ಯರ್ಥ ಎಂದು ಖಂಡಿತವಾಗಿ ಹೇಳಿಬಿಟ್ಟಿದ್ದಾನೆ. ಉಪಯೋಗ ನೋಡಿ ಸೇರಿಕೊಳ್ಳಿ ಎಂದು ಆ ಧರ್ಮ ಯಾರನ್ನೂ ಕರೆದಿಲ್ಲ. ಅದಕ್ಕೆ ಗೌರವ ಕೊಡುವುದಾದರೆ ನಿಜವೇ ಎಂಬ ಪ್ರಶ್ನೆಯನ್ನೇ ಅದರ ಎದುರು ಇಡು. ಉತ್ತರ ಹೌದೆಂದು ಬಂದರೆ ಹೋಗು, ನಾನು ತಡೆಯಲಾರೆ. ಅಲ್ಲವೆಂದು ಬಂದರೆ ಹೊರಗೇ ನಿಲ್ಲು, ಆದರೆ ಚಪ್ಪಲಿ ಕಳಚಿ ನಿಲ್ಲು. ಗೊತ್ತಿಲ್ಲವೆಂದು ಬಂದರೆ ಅದನ್ನೇ ಹೇಳು. ಹಟಕ್ಕೆ ಬಿಡಬೇಡ, ಅನುಕೂಲಕ್ಕೆ ಹಿಡಿಯಬೇಡ.

ಹೊರಗೆ ನಿಂತೂ ಪೂರ್ತಿ ತೆರೆದುಕೊಳ್ಳಬಹುದು. ಮಂಜೇಶ್ವರದ ಕವಿ ಗೋವಿಂದ ಪೈಗಳು ನಮ್ಮ ಊರಿನ ಹತ್ತಿರದವರೇ. ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು, ಬುದ್ಧನ ಕೊನೆಯ ದಿನದ ಮೇಲೆ 'ವೈಶಾಖಿ' ಬರೆದರು. ತಮ್ಮ ಮನೆಯ ದೇವರನ್ನು ಬಿಡಲಿಲ್ಲ. ಮತ್ತೊಬ್ಬರ ದೇವರ ನೋವನ್ನು ತಮ್ಮ ನೋವಿನಂತೆ ಬರೆದರು. ಬಾವುಟವಿಲ್ಲ, ಬೇಲಿಯಿಲ್ಲ. ತೆರೆದ ಮನಸ್ಸೆಂದರೆ ಹೇಗಿರುತ್ತದೆಂದು ಲಂಡನ್ನಿನವರು ಹೇಳಿಕೊಡುವವರೆಗೆ ನಾವು ಕಾಯಬೇಕಾಗಿರಲಿಲ್ಲ.

ಒಂದು ಕೆಲಸ ಮಾಡು. ಕ್ರೈಸ್ತಧರ್ಮದ ಬಗ್ಗೆ ಯಾರ್ಯಾರು ಏನೇನು ಹೇಳಿದರೆಂಬುದನ್ನು ಸ್ವಲ್ಪ ದಿನ ಪಕ್ಕಕ್ಕಿಡು. ಮಾರ್ಕನ ಸುವಾರ್ತೆ ಹದಿನಾರೇ ಅಧ್ಯಾಯ. ಒಂದು ಸಂಜೆ ಕೂತು ಮುಗಿಸು. ಅದರ ಅತ್ಯಂತ ಹಳೆಯ ಪ್ರತಿಗಳು ಹೆಂಗಸರು ಹೆದರಿ ಓಡುವಲ್ಲಿಗೆ ನಿಲ್ಲುತ್ತವೆ, ಗೆಲುವಿನ ಘೋಷಣೆಯೊಂದಿಗೆ ಅಲ್ಲ. ಅದೇ ವಾರ ರಸೆಲ್‌ನ ಆ ಭಾಷಣವನ್ನೂ ಓದು. ಯಾವುದನ್ನು ಓದುವಾಗ ನಿನಗೆ ಪುಟ ಮುಚ್ಚಬೇಕೆನಿಸಿತೋ ಅದನ್ನು ಇನ್ನೊಮ್ಮೆ ಓದು.

ಈಗ ಕೊನೆಯದು. 2001ರ ಅಕ್ಟೋಬರ್‌ನಲ್ಲಿ, ಆ ಗೋಪುರಗಳು ಬಿದ್ದ ಮರುತಿಂಗಳೇ, ಫ್ರಾಂಕ್‌ಫರ್ಟಿನ ಭಾಷಣದಲ್ಲಿ ಹಾಬರ್ಮಾಸ್ ಒಂದು ಸೂಕ್ಷ್ಮ ಹೇಳಿದ್ದ. ಪಾಪ ಎಂಬುದು ಅಪರಾಧ ಎಂಬುದಾಗಿ ಬದಲಾದಾಗ ನಡುವೆ ಏನೋ ಕಳೆದುಹೋಯಿತು ಎಂದು. ಆ ಮಾತು ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಅಮ್ಮನ ಎದುರು ಅವತ್ತು ನಾನು ಮಾಡಿದ್ದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಮರುವರ್ಷ ಅವಳ ಜತೆ ಕಾರಿಂಜ ಹತ್ತಿದೆ, ಕೈ ಹಿಡಿದೇ ಹತ್ತಿಸಿದೆ, ಗರ್ಭಗುಡಿಯ ಹೊರಗೆ ನಿಂತೆ. ಆದರೆ ತಪ್ಪಾಯಿತು ಅಮ್ಮ ಎಂಬ ಎರಡು ಶಬ್ದ ಬಾಯಿಂದ ಬರಲೇ ಇಲ್ಲ. ನಾಳೆ ಹೇಳೋಣ ಎಂದುಕೊಂಡೆ. ಅವಳು ಹೋದಳು. ನಂಬುವವನಾಗಿದ್ದರೆ ದೇವರೆದುರು ಮಂಡಿಯೂರಿ ಕೇಳುತ್ತಿದ್ದೆ. ಬಾಯಮ್ಮನಂಥವರಿಗೆ ಅದಕ್ಕೊಂದು ಜಾಗವಿದೆ, ಒಂದು ಕ್ರಮವಿದೆ. ನನಗಿಲ್ಲ. ಈ ಎಪ್ಪತ್ತು ದಾಟಿದ ವಯಸ್ಸಿನಲ್ಲೂ ನಂಬುವವನೆಂದು ಹೇಳಿಕೊಳ್ಳಲಾರೆ, ಆ ಎರಡು ಶಬ್ದಗಳನ್ನು ಇಳಿಸಲೂ ಆರೆ.

ದೇವರಿಲ್ಲದೆ ಬದುಕುವವನಿಗೆ ಕ್ಷಮೆ ಕೇಳಲು ಬದುಕಿರುವವರು ಮಾತ್ರ ಇರುತ್ತಾರೆ, ಅವರು ಬದುಕಿರುವಷ್ಟು ದಿನ ಮಾತ್ರ. ಆದ್ದರಿಂದ ಅವನು ನಂಬುವವನಿಗಿಂತ ಬೇಗ ಕೇಳಬೇಕು.

ನೀನು ಹದಿನೇಳರಲ್ಲಿ, ನೆಂಟರೆಲ್ಲ ಕೂತಿದ್ದಾಗ, ನಿನ್ನ ಅಮ್ಮ ಹಚ್ಚಿದ ಸಂಜೆಯ ದೀಪವನ್ನು ನೋಡಿ ಆಡಿದ ಮಾತು ನನಗೆ ನೆನಪಿದೆ. ಅವಳು ನನ್ನ ಅಕ್ಕನ ಮಗಳು, ಅವಳಿಗೆ ಎಲ್ಲಿ ನೋಯುತ್ತದೆಂದು ನನಗೆ ಗೊತ್ತು. ಡರ್ಹಮ್‌ನಲ್ಲಿ ಕಣ್ಣು ತುಂಬಿದ್ದನ್ನು ನನಗೆ ಹೇಳಿದೆ. ಅವಳಿಗೆ ಹೇಳಿದೆಯಾ? ನೀನು ಏನು ನಂಬುತ್ತಿ ಎಂಬುದನ್ನು ಆಮೇಲೆ ತೀರ್ಮಾನಿಸು, ಹತ್ತು ವರ್ಷ ತೆಗೆದುಕೋ. ಇವತ್ತು ಅಮ್ಮನಿಗೆ ಫೋನ್ ಮಾಡು. ಇಲ್ಲಿ ದೀಪ ಹಚ್ಚುವ ಹೊತ್ತು ನಿನಗೆ ಮಧ್ಯಾಹ್ನ. ಆ ಹೊತ್ತಿಗೇ ಮಾಡು.

ನಿನ್ನ ಅಜ್ಜ